ಡಬಲ್ ಡೈಯೋ, ಮೆಷಿನ್ ಡಬ್ಲಿಂಗೋ? ಲೂಪ್, ಯುಎಸ್‌ಬಿ ಮೈಕ್ರೋಸ್ಕೋಪ್, ಫೋನ್ ಮೂರನ್ನೂ ಹಿಡಿದು ನೋಡಿದ್ದು

ನಾಣ್ಯದ ಮೇಲೆ ಅಂಕಿ ಎರಡೆರಡಾಗಿ ಕಂಡರೆ ಸಾಕು, ‘ಡಬಲ್ ಡೈ, ಅಪರೂಪ’ ಅಂತ ಬೆಲೆ ಹಚ್ಚುವವರಿಗೆ ಈಗ ಬರವಿಲ್ಲ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಬರೀ ಮೆಷಿನ್ ಡಬ್ಲಿಂಗ್, ಮುಖಬೆಲೆಗಿಂತ ಒಂದು ಪೈಸೆ ಹೆಚ್ಚು ಬಾಳುವುದಿಲ್ಲ. ಇವನ್ನು ಬೇರ್ಪಡಿಸಲು ಯಾವ ಸಾಧನ ಒಳ್ಳೆಯದು ಅಂತ ಅವೇ ನಾಣ್ಯಗಳನ್ನು ಮೂರರಲ್ಲೂ ನೋಡಿದೆ: 10x ಲೂಪ್ (ಕಣ್ಣಿಗೆ ಹಿಡಿದು ನೋಡುವ, ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿ), ಲ್ಯಾಪ್‌ಟಾಪಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪ್, ಫೋನಿನ ಮ್ಯಾಕ್ರೋ.

ಏನನ್ನು ಹುಡುಕುತ್ತಿದ್ದೇವೆ ಅನ್ನುವುದು ಮೊದಲು. ಅಚ್ಚು ತಯಾರಿಸುವಾಗ ‘ಹಬ್’ ಅನ್ನು, ಅಂದರೆ ಅಚ್ಚಿಗೆ ಚಿತ್ರ ಮೂಡಿಸುವ ಉಬ್ಬುಮುದ್ರೆಯನ್ನು, ಎರಡನೇ ಸಲ ಒತ್ತಿದಾಗ ಅದು ಕೊಂಚ ತಿರುಗಿದ್ದರೆ ಅಚ್ಚಿನಲ್ಲೇ ಎರಡು ಚಿತ್ರ ಕೂರುತ್ತದೆ. ಆಮೇಲೆ ಆ ಅಚ್ಚಿನಿಂದ ಬಿದ್ದ ಅಷ್ಟೂ ನಾಣ್ಯದಲ್ಲಿ ಅದೇ ಜೋಡಿ. ಡಬಲ್ ಡೈ ಅಂದರೆ ಇದು. ಅಮೆರಿಕದ 1955ರ ಲಿಂಕನ್ ಸೆಂಟ್ ಆದದ್ದು ಹೀಗೆಯೇ, ಅದಕ್ಕೆ ಬರಿಗಣ್ಣೇ ಸಾಕು. ಇಲ್ಲಿ ಎರಡೂ ಅಕ್ಷರಕ್ಕೆ ದುಂಡು ಮೈ ಇರುತ್ತದೆ, ತುದಿಗಳು ಸೀಳಿರುತ್ತವೆ, ಒಟ್ಟಾರೆ ಅಕ್ಷರ ದಪ್ಪವಾಗಿರುತ್ತದೆ. ಮೆಷಿನ್ ಡಬ್ಲಿಂಗ್‌ನಲ್ಲಿ ಅಚ್ಚು ಸರಿಯಾಗಿಯೇ ಇರುತ್ತದೆ. ಏಟು ಬಿದ್ದ ಮೇಲೆ ಸಡಿಲ ಅಚ್ಚು ಜರುಗಿ ಅಕ್ಷರದ ಅಂಚನ್ನು ಒತ್ತಿ ತಳ್ಳಿಬಿಡುತ್ತದೆ. ಉಳಿಯುವುದು ಚಪ್ಪಟೆ ಮೆಟ್ಟಿಲು, ಪಕ್ಕದಲ್ಲಿ ಸಣಕಲಾದ ಅಕ್ಷರ.

ಫೋನಿನ ಮಾತು ಬೇಗ ಮುಗಿಸುತ್ತೇನೆ. ಚಿತ್ರ ಚೂಪಾಗಿ ಕಾಣಲಿ ಅಂತ ಅದು ಪ್ರತಿ ಅಂಚಿಗೂ ತಾನೇ ಒಂದು ಗೆರೆ ಹಾಕುತ್ತದೆ. ಸರಿಯಾದ ನಾಣ್ಯವೂ ಅದರಲ್ಲಿ ‘ಡಬಲ್’.

ಸ್ಟೀಲಿನ ಒಂದು ರೂಪಾಯಿಯಲ್ಲಿ ಲೂಪಿನ ಎದುರು ಮೈಕ್ರೋಸ್ಕೋಪ್ ನಿಲ್ಲಲಿಲ್ಲ. ಕಾರಣ ಬೆಳಕು. ಮೈಕ್ರೋಸ್ಕೋಪಿನ ಮೂತಿಯ ಸುತ್ತಲಿನ ಎಲ್‌ಇಡಿಗಳು ಎಲ್ಲ ಕಡೆಯಿಂದ ಹೊಡೆಯುತ್ತವೆ. ನೆರಳೇ ಇಲ್ಲದ ಮೇಲೆ ಏರು ಯಾವುದು, ತಗ್ಗು ಯಾವುದು? ಸ್ಟೀಲ್ ಬರೀ ಬೆಳ್ಳಗೆ ಉರಿಯುತ್ತದೆ. ಲೂಪಿನಲ್ಲಿ ಹಾಗಲ್ಲ. ಟೇಬಲ್ ಲ್ಯಾಂಪನ್ನು ಒಂದು ಪಕ್ಕಕ್ಕಿಟ್ಟು, ಇಸವಿಯ ಕೊನೆಯ ಅಂಕಿಯನ್ನೇ ನೋಡುತ್ತ ನಾಣ್ಯವನ್ನು ಬೆರಳಲ್ಲಿ ಮೆಲ್ಲಗೆ ಓರೆ ಮಾಡಿ. ಒಂದು ಕೋನದಲ್ಲಿ ಆ ಮೆಟ್ಟಿಲು ಇಡಿಯಾಗಿ ಪಳ್ ಅಂತ ಹೊಳೆದು ಮರುಕ್ಷಣ ಕಪ್ಪಾಗುತ್ತದೆ. ಚಪ್ಪಟೆ ಮೇಲ್ಮೈ ಮಾತ್ರ ಹೀಗೆ ಮಾಡುತ್ತದೆ. ದುಂಡು ಮೈಯ ಮೇಲೆ ಬೆಳಕು ಜಾರಿಕೊಂಡು ಹೋಗುತ್ತದೆ. ಈ ಓರೆ ಮಾಡುವ ಕೆಲಸ ಸ್ಟ್ಯಾಂಡಿಗೆ ಬಿಗಿದ ಮೈಕ್ರೋಸ್ಕೋಪಿನಲ್ಲಿ ಆಗುವುದಿಲ್ಲ ಅಂತಲ್ಲ, ಆದರೆ ಪ್ರತಿ ಸಲ ಫೋಕಸ್ ತಪ್ಪುತ್ತದೆ.

ಸವೆದ ಅಚ್ಚಿನ ಡಬ್ಲಿಂಗ್‌ಗೂ ಲೂಪೇ ಲೇಸು. ಅಕ್ಷರಗಳು ಕಲಸಿದಂತೆ ಊದಿರುತ್ತವೆ, ಸುತ್ತಲಿನ ಬಯಲು ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಇದನ್ನು ಕಾಣಲು ನಾಣ್ಯದ ಒಂದಷ್ಟು ಭಾಗ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಡಬ್ಬಿಯ ಮೇಲೆ ‘1000x’ ಅಂತ ಬರೆದುಕೊಂಡಿದ್ದರೂ, ಒಂದು ಅಂಕಿಯ ಕಾಲುಭಾಗ ಪರದೆ ತುಂಬಿದರೆ ತಿಳಿಯುವುದೇನು?

ಅಮೆರಿಕದ ಸೆಂಟಿಗೆ ಬಂದರೆ ಆಟ ತಿರುಗುತ್ತದೆ. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಟಂಕಸಾಲೆ ಒಂದೇ ಒತ್ತಿಗೆ ಅಚ್ಚು ಮಾಡುವ ಕ್ರಮಕ್ಕೆ ಹೋಯಿತು. ಅಂದಿನಿಂದ ಡಬಲ್ ಡೈ ಪೂರ್ತಿ ನಿಂತಿಲ್ಲ, ನಾಣ್ಯದ ನಡುಭಾಗಕ್ಕೆ ಸರಿದು ತೀರಾ ಸಣ್ಣದಾಗಿದೆ. 2009ರ ಸೆಂಟಿನಲ್ಲಿ ಕೊರಡಿನ ಮೇಲೆ ಕೂತು ಓದುವ ಎಳೆಯ ಲಿಂಕನ್‌ಗೆ ಕೆಲವು ನಾಣ್ಯಗಳಲ್ಲಿ ಒಂದು ಬೆರಳು ಹೆಚ್ಚಿರುತ್ತದೆ. ಲೂಪಿನಲ್ಲಿ ನನಗೆ ‘ಇದ್ದರೂ ಇರಬಹುದು’ ಅನ್ನಿಸಿದ ಬೆರಳು ಮೈಕ್ರೋಸ್ಕೋಪಿನಲ್ಲಿ ಬುಡಸಮೇತ ಕಂಡಿತು. 1982ರಿಂದ ಸೆಂಟಿನ ಒಳಗೆ ಸತು, ಮೇಲೆ ತಾಮ್ರದ ತೆಳು ಲೇಪ. ಏಟಿಗೆ ಲೇಪ ಹರಿದರೆ ಅಕ್ಷರದ ಪಕ್ಕ ಇನ್ನೊಂದು ಗೆರೆ ಮೂಡಿ ಡಬಲ್ ಡೈ ಎಂದೇ ಮೋಸಗೊಳಿಸುತ್ತದೆ. ಪರದೆಯಲ್ಲಿ ಆ ಗೆರೆ ನೀಲಿ ಛಾಯೆಯ ಬೂದುಬಣ್ಣ, ಅಂದರೆ ಸತುವೇ. ಇಲ್ಲಿ ಬಣ್ಣವೇ ಸಾಕ್ಷಿ.

ನಮ್ಮ ಸ್ಟೀಲ್ ನಾಣ್ಯಗಳನ್ನಷ್ಟೇ ನೋಡುವವರು ಲೂಪ್ ಕೊಂಡರೆ ಸಾಕು, ಉಳಿದ ದುಡ್ಡಿಗೆ ಕತ್ತು ಬಾಗುವ ಒಳ್ಳೆಯ ಲ್ಯಾಂಪ್. ಹೊಸ ಸೆಂಟುಗಳ ಹುಚ್ಚಿದ್ದರೆ ಮೈಕ್ರೋಸ್ಕೋಪೂ ಬೇಕು, ಆದರೆ ಅದರ ಎಲ್‌ಇಡಿ ತಗ್ಗಿಸಿ ಪಕ್ಕದ ಲ್ಯಾಂಪನ್ನೇ ಬಳಸಿ. ಫೋನಿನ ಫೋಟೋ ಮಾತ್ರ ತೋರಿಸಿ ಮಾರುವವರಿದ್ದರೆ, ಬೇರೆ ಬೇರೆ ಪಕ್ಕದಿಂದ ಬೆಳಕು ಬಿಟ್ಟು ಇನ್ನೆರಡು ತೆಗೆದು ಕಳಿಸಿ ಅಂತ ಕೇಳಿ. ಅದಕ್ಕೆ ಒಪ್ಪದವರ ಹತ್ತಿರ ಚೌಕಾಸಿಗೂ ಇಳಿಯಬೇಡಿ.