ಹೊಟ್ಟೇಲಿರೋ ಮಗು ಫೋಟೋ ಪ್ಯಾಕೇಜ್: ಒಂದ್ಸಲ ತಗೊಂಡೆ, ಎರಡನೇ ಸಲ ಬೇಡ ಅಂದೆ

ಮೊದಲನೇ ಮಗು ಹೊಟ್ಟೇಲಿದ್ದಾಗ 34ನೇ ವಾರಕ್ಕೆ ಗ್ರೋತ್ ಸ್ಕ್ಯಾನ್ ಬರೆದುಕೊಟ್ಟಿದ್ರು. ಮಗು ತೂಕ ಎಷ್ಟಿದೆ, ಸುತ್ತ ನೀರು ಸರಿಯಾಗಿದ್ಯಾ, ರಕ್ತ ಹರಿಯೋದು ಹೇಗಿದೆ, ಇಷ್ಟು ನೋಡೋ ಸ್ಕ್ಯಾನ್. ಬಿಲ್ ಮಾಡ್ಸೋಕೆ ಕೌಂಟರ್ ಹತ್ರ ನಿಂತ್ರೆ ಅಲ್ಲಿದ್ದ ಹುಡುಗಿ ಒಂದು ದಪ್ಪ ಆಲ್ಬಮ್ ತೆಗೆದು ಮುಂದಿಟ್ಲು, "ಮೇಡಂ ಜೊತೆಗೇ ಮಗು ಫೋಟೋನೂ ಮಾಡ್ಸಿಬಿಡಿ, 4ಡಿ, ಇವತ್ತು ತಗೊಂಡ್ರೆ ಮಾತ್ರ ಈ ರೇಟು" ಅಂತ. ಆಲ್ಬಮ್ ತುಂಬಾ ಗುಂಡುಗುಂಡು ಕೆನ್ನೆ, ನಿದ್ದೇಲೇ ನಗ್ತಿರೋ ಮುಖಗಳು, ಜೇನು ಬಣ್ಣ. ಏಳೂವರೆ ತಿಂಗಳ ಹೊಟ್ಟೆ ಹೊತ್ಕೊಂಡು ನಿಂತಿರೋಳಿಗೆ ಅದನ್ನ ತೋರಿಸಿದ್ರೆ ಬೇಡ ಅನ್ನೋಕಾಗುತ್ತಾ ಹೇಳಿ. ಯಜಮಾನ್ರ ಮುಖ ನೋಡಿದೆ, ಅವರು ಆಗ್ಲೇ ಪರ್ಸ್ ತೆಗೀತಿದ್ರು. ಸ್ಕ್ಯಾನ್‌ಗೆ ಕೊಟ್ಟಿದ್ದಕ್ಕಿಂತ ಫೋಟೋಗೇ ಜಾಸ್ತಿ ಆಯ್ತು.

ಒಳಗೆ ಹೋಗಿ ಮಲಗಿದ್ಮೇಲೆ ಶುರುವಾಯ್ತು ನೋಡಿ. ಅಳತೆ ಎಲ್ಲಾ ಹದಿನೈದು ನಿಮಿಷದಲ್ಲಿ ಮುಗೀತು, ಆಮೇಲೆ ಮುಖ ಹುಡುಕೋದೇ ದೊಡ್ಡ ಕೆಲಸ. ಮಗು ತಲೆ ಆಗ್ಲೇ ಕೆಳಗಿಳಿದಿತ್ತು, ಮುಖ ಗರ್ಭದ ಗೋಡೆಗೆ ಒತ್ಕೊಂಡಿತ್ತು, ಅದು ಸಾಲ್ದು ಅಂತ ಎಡಗೈ ಬೇರೆ ಮೂಗಿನ ಮೇಲೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಎದ್ದು ಸ್ವಲ್ಪ ಓಡಾಡ್ಕೊಂಡು ಬನ್ನಿ, ತಣ್ಣೀರು ಕುಡೀರಿ, ಎಲ್ಲಾ ಆಯ್ತು. ಕೊನೆಗೆ ಸಿಕ್ಕಿದ್ದು ಅರ್ಧ ಹಣೆ, ಒಂದು ಕಣ್ಣು, ಮಿಕ್ಕಿದ್ದು ಒದ್ದೆ ಮಣ್ಣಲ್ಲಿ ಯಾರೋ ಬೆರಳಾಡಿಸಿ ಬಿಟ್ಟ ಹಾಗೆ. ಹನ್ನೆರಡು ಫೋಟೋ ಕೊಡ್ತೀವಿ ಅಂದಿದ್ರಲ್ಲ, ಕೊಟ್ರು, ಹನ್ನೆರಡೂ ಅದೇ ಕೈ.

ಆಮೇಲೆ ಗೊತ್ತಾಗಿದ್ದು ಏನಂದ್ರೆ ತಪ್ಪು ಯಾರ ಕೈಚಳಕದ್ದೂ ಅಲ್ಲ, ವಾರದ್ದು. ಈ 3ಡಿ ಮುಖ (4ಡಿ ಅಂದ್ರೂ ಅದೇ, ಅಲ್ಲಾಡೋ 3ಡಿ) ಚೆನ್ನಾಗಿ ಬರ್ಬೇಕು ಅಂದ್ರೆ ಮುಖದ ಮುಂದೆ ಒಂದಿಷ್ಟು ನೀರು ನಿಂತಿರ್ಬೇಕು, ಆಗ ಮಾತ್ರ ಮೆಷಿನ್‌ಗೆ ಚರ್ಮ ಎಲ್ಲಿ ಶುರು, ನೀರು ಎಲ್ಲಿ ಮುಗೀತು ಅಂತ ತಿಳಿಯೋದು. 26ರಿಂದ 32ನೇ ವಾರದೊಳಗೆ ಮಗು ಕೆನ್ನೆಗೆ ಮಾಂಸ ತುಂಬಿರುತ್ತೆ, ಅಲ್ಲಾಡೋಕೆ ಜಾಗಾನೂ ಇರುತ್ತೆ. ಅದಾದ್ಮೇಲೆ ಜಾಗ ಕಮ್ಮಿ ಆಗ್ತಾ ಹೋಗುತ್ತೆ. ಮಾಸು ಹೊಟ್ಟೆ ಮುಂಭಾಗದಲ್ಲಿದ್ರೂ ಕಷ್ಟ, ಹೊಕ್ಕಳ ಬಳ್ಳಿ ಅಡ್ಡ ಬಂದ್ರೂ ಕಷ್ಟ. 34 ವಾರ ಅಂತ ಡಾಕ್ಟ್ರ ಚೀಟಿಯಲ್ಲೇ ಬರ್ದಿತ್ತಲ್ಲ, ಕೌಂಟರ್‌ನಲ್ಲಿ ಕೂತೋರಿಗೆ ಇದು ಗೊತ್ತಿರಲ್ವಾ? ಗೊತ್ತಿರುತ್ತೆ. ಆಲ್ಬಮ್‌ನಲ್ಲಿರೋದು ಎಲ್ಲಾ ಆರಿಸಿ ಹಾಕಿರೋ ಫೋಟೋಗಳು ಅಂತ ಹೇಳಿದ್ರೆ ವ್ಯಾಪಾರ ಆಗ್ಬೇಕಲ್ಲ. ನನಗೆ ಸಿಟ್ಟು ಬಂದಿದ್ದು ಇದೊಂದಕ್ಕೇ.

ಇನ್ನೊಂದು ವಿಷ್ಯ, ಆ ಜೇನು ಬಣ್ಣ. ಅಲ್ಟ್ರಾಸೌಂಡ್ ಅಂದ್ರೆ ಶಬ್ದ, ಹೋಗಿ ಬಡಿದು ವಾಪಸ್ ಬಂದ ಶಬ್ದದಿಂದ ಚಿತ್ರ ಕಟ್ಟೋದು, ಅದ್ರಲ್ಲಿ ಬಣ್ಣ ಎಲ್ಲಿಂದ ಬರ್ಬೇಕು. ಸಾಫ್ಟ್‌ವೇರ್ ಬಳಿಯೋ ಬಣ್ಣ ಅದು, ಬಟನ್ ಒತ್ತಿದ್ರೆ ನೀಲಿನೂ ಆಗುತ್ತೆ, ನೆರಳು ಬೆಳಕು ಕೂಡ ಅದೇ ಹಾಕೋದು. ನಮ್ಮತ್ತೆ ಮಾತ್ರ ಫೋಟೋ ನೋಡಿ "ಬಣ್ಣ ಎಲ್ಲಾ ನಮ್ಮ ಕಡೇದೇ" ಅಂದ್ರು. ನಾನು ಸುಮ್ನಿದ್ದೆ.

ಹನ್ನೆರಡರಲ್ಲಿ ಒಂದು ಫೋಟೋದಲ್ಲಿ ಎರಡು ಬೆರಳಿನ ತುದಿ ಇರ್ಲಿಲ್ಲ. ಮನೆಗೆ ಬಂದು ಝೂಮ್ ಮಾಡಿ ಮಾಡಿ ನೋಡ್ತಾ ಅವತ್ತು ರಾತ್ರಿ ಇಬ್ರಿಗೂ ನಿದ್ದೆ ಇಲ್ಲ. ಬೆಳಿಗ್ಗೆ ನಮ್ಮ ಡಾಕ್ಟ್ರಿಗೆ ಫೋನ್ ಮಾಡಿದ್ರೆ ಅವರು ನಕ್ಕು, ಅದು ನೆರಳಮ್ಮ, ಶಬ್ದ ಸರಿಯಾಗಿ ವಾಪಸ್ ಬರದೇ ಇದ್ದಾಗ 3ಡಿಯಲ್ಲಿ ಹಾಗೆ ತೂತು ಬೀಳುತ್ತೆ, ಬೆರಳು ಮಾಯ ಆಗುತ್ತೆ, ಬೆರಳೆಲ್ಲಾ ಐದನೇ ತಿಂಗಳ ಸ್ಕ್ಯಾನ್‌ನಲ್ಲೇ ನೋಡಿದ್ದಾಗಿದೆ ಅಂದ್ರು. ದುಡ್ಡು ಕೊಟ್ಟು ಒಂದು ರಾತ್ರಿ ನಿದ್ದೆ ಕೆಡಿಸ್ಕೊಂಡ ಹಾಗಾಯ್ತು.

ಪ್ಯಾಕೇಜ್‌ನಲ್ಲಿ ಬಂದ ಮಿಕ್ಕ ಸಾಮಾನಿನ ಕಥೆ ಬೇಗ ಹೇಳಿ ಮುಗಿಸ್ತೀನಿ. ಎದೆಬಡಿತ ರೆಕಾರ್ಡ್ ಮಾಡಿದ ಗೊಂಬೆ, ಒತ್ತಿದ್ರೆ ಕುದುರೆ ಓಡಿದ ಹಾಗೆ ಸದ್ದು, ಎರಡು ತಿಂಗಳಲ್ಲಿ ಬ್ಯಾಟರಿ ಸತ್ತೋಯ್ತು, ಸೆಲ್ ಬದಲಾಯ್ಸೋಕೆ ಹೊಲಿಗೆನೇ ಬಿಚ್ಬೇಕು. ವಿಡಿಯೋ ಸಿಡಿಯಲ್ಲಿ ಕೊಟ್ರು, ಮನೇಲಿರೋ ಲ್ಯಾಪ್‌ಟಾಪ್‌ಗೆ ಸಿಡಿ ಹಾಕೋ ಜಾಗಾನೇ ಇಲ್ಲ. ಫ್ರೇಮ್ ಚೆನ್ನಾಗಿತ್ತು, ಈಗ ಅದ್ರಲ್ಲಿ ಹುಟ್ಟಿದ್ಮೇಲಿನ ಫೋಟೋ ಇದೆ.

ನಿಜವಾಗ್ಲೂ ಹೊಟ್ಟೆ ಉರಿದಿದ್ದು ಬೇರೆ ವಿಷ್ಯಕ್ಕೆ. ಅವತ್ತೇ ರಿಪೋರ್ಟ್ ಜೊತೆ ಫ್ರೀಯಾಗಿ ಒಂದು ಚಿಕ್ಕ ಕಪ್ಪುಬಿಳುಪು ಪ್ರಿಂಟ್ ಕೊಟ್ಟಿದ್ರು, ಮಾಮೂಲಿ 2ಡಿ, ಮಗು ಪಕ್ಕದಿಂದ, ಹಣೆ, ಮೂಗು, ಸ್ವಲ್ಪ ಮುಂದೆ ಚಾಚಿದ ಮೇಲ್ದುಟಿ. ಮಗು ಹುಟ್ಟಿದ್ಮೇಲೆ ಪಕ್ಕದಲ್ಲಿಟ್ಟು ನೋಡಿದ್ರೆ ಅಚ್ಚು ಅದೇ ತುಟಿ! ದುಡ್ಡು ಕೊಟ್ಟಿದ್ದು ಯಾವ್ದೂ ಹೋಲ್ಲಿಲ್ಲ, ಫ್ರೀ ಬಂದಿದ್ದು ಹೋಲ್ತು. ಜೋಪಾನ ಮಾಡೋಣ ಅಂತ ನಮ್ಮ ಯಜಮಾನ್ರು ಲ್ಯಾಮಿನೇಶನ್‌ಗೆ ಕೊಟ್ರು. ಮೆಷಿನ್‌ನ ಈ ಕಡೆಯಿಂದ ಮಗು ಹೋಯ್ತು, ಆ ಕಡೆಯಿಂದ ಬರೀ ಕಪ್ಪು ಹಾಳೆ ಬಂತು. ಥರ್ಮಲ್ ಪೇಪರ್ ಅದು, ಬಿಸಿ ತಾಗಿದ್ರೆ ಕಪ್ಪಾಗೋದೇ ಅದ್ರ ಕೆಲಸ, ಅಂಗಡಿ ಬಿಲ್ ಇರುತ್ತಲ್ಲ ಅದೇ ಜಾತಿ. ಬಿಸಿಲಲ್ಲಿ, ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ರೂ ವರ್ಷಗಳಲ್ಲಿ ಮಾಸಿ ಹೋಗುತ್ತೆ. ದಯವಿಟ್ಟು ಕೈಗೆ ಬಂದ ದಿನಾನೇ ಮೊಬೈಲ್‌ನಲ್ಲಿ ನೇರವಾಗಿ ಒಂದು ಫೋಟೋ ಹೊಡ್ಕೊಳ್ಳಿ, ಸಾಧ್ಯ ಆದ್ರೆ ಸ್ಕ್ಯಾನರ್‌ಗೆ ಹಾಕಿ. ನಾನು ಹೊಡ್ಕೊಂಡಿರ್ಲಿಲ್ಲ.

ಎರಡನೇ ಸಲ ಹುಷಾರಾಗಿದ್ದೆ. 30ನೇ ವಾರದ ಸ್ಕ್ಯಾನ್, ಬೇರೆ ಸೆಂಟರ್, ಅಲ್ಲೂ ಅದೇ ಥರ ಆಲ್ಬಮ್. "ಮೊದ್ಲು ಸ್ಕ್ರೀನ್‌ನಲ್ಲಿ ಮುಖ ಕಾಣ್ಲಿ, ಇಷ್ಟ ಆದ್ರೆ ಆಮೇಲೆ ಬಿಲ್ ಮಾಡ್ಸ್ತೀನಿ" ಅಂದೆ. ಆ ಹುಡುಗಿ ಮುಖ ಚಿಕ್ಕದಾಯ್ತು ಆದ್ರೆ ಇಲ್ಲ ಅನ್ಲಿಲ್ಲ. ಒಳಗೆ ಸ್ಕ್ಯಾನ್ ಡಾಕ್ಟ್ರು ಅಳತೆ ಮುಗಿಸಿ ತಾವೇ ಒಂದರೆ ನಿಮಿಷ 3ಡಿ ಹಾಕಿ ತೋರಿಸಿದ್ರು, ಮಗು ಬಾಯಿ ತೆಗೆದು ಆಕಳಿಸ್ತು, ಅದನ್ನ ಅಲ್ಲೇ ಹಿಡಿದು ಒಂದು ಪ್ರಿಂಟ್ ಕೊಟ್ರು. ಸಾಕು ಅನ್ನಿಸ್ತು. ಪ್ಯಾಕೇಜ್ ತಗೊಳ್ಲಿಲ್ಲ.

ಫೋಟೋಗೋಸ್ಕರವೇ ಸ್ಕ್ಯಾನ್ ಮಾಡ್ಕೊಡೋ ಸ್ಟುಡಿಯೋಗಳ ಬಗ್ಗೆನೂ ಕೇಳ್ತಾರೆ ಕೆಲವರು. ನಾನು ಹೋಗಿಲ್ಲ, ಹೋಗೋದೂ ಇಲ್ಲ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ನೆನಪಿನ ಫೋಟೋಗೆ ಅಂತ ಸ್ಕ್ಯಾನ್ ಮಾಡ್ಸ್ಬೇಡಿ ಅಂತ ಹೇಳಿದೆ. ಡಾಕ್ಟ್ರು ಬರೆದ ಸ್ಕ್ಯಾನ್‌ಗೆ ಹೆದರ್ಕೊಳ್ಳಿ ಅಂತಲ್ಲ, ಅದ್ರಿಂದ ಮಗುಗೆ ಹಾನಿ ಆಗಿದೆ ಅನ್ನೋಕೆ ಸಾಕ್ಷಿ ಇಲ್ಲ, ಆದ್ರೆ ಆ ಅಲೆಗಳು ಅಂಗಾಂಶನ ಚೂರು ಬಿಸಿ ಮಾಡೋದು ನಿಜ, ಅದಕ್ಕೇ ಸ್ಕ್ರೀನ್ ಮೂಲೇಲಿ ಟಿಐ (ಎಷ್ಟು ಬಿಸಿ ಆಗ್ಬಹುದು ಅನ್ನೋ ಅಂದಾಜು), ಎಂಐ (ಅಲೆಗಳ ಒತ್ತಡದಿಂದ ಆಗ್ಬಹುದಾದ ಪರಿಣಾಮದ ಅಂದಾಜು) ಅಂತ ಎರಡು ನಂಬರ್ ಓಡ್ತಿರುತ್ತೆ, ಕಲಿತೋರು ಅದನ್ನ ನೋಡ್ಕೊಂಡೇ ಎಷ್ಟು ಬೇಕೋ ಅಷ್ಟು ಹೊತ್ತು ಮಾತ್ರ ಇಡ್ತಾರೆ. ಮುಖ ಸಿಗೋವರೆಗೂ ಎಳೆಯೋ ಜಾಗದಲ್ಲಿ ಅದನ್ನ ನೋಡೋರು ಯಾರು? ಇನ್ನು ಅಲ್ಲಿ ಚೆಂದದ ಮುಖ ಬಂತು ಅಂತ ಮಗು ಚೆನ್ನಾಗಿದೆ ಅಂತಾನೂ ಅಲ್ಲ, ಅದು ತಪಾಸಣೆಯೇ ಅಲ್ಲ.

ರೇಟಿಂಗ್ ಕೊಡ್ಬೇಕು ಅಂದ್ರೆ ಪ್ಯಾಕೇಜ್‌ಗೆ 5ಕ್ಕೆ 2, ಆ 2 ಕೂಡ ಫ್ರೇಮ್‌ಗೆ. ತಗೊಳ್ಳೋದೇ ಆದ್ರೆ ಮುಖ ಸಿಗ್ದಿದ್ರೆ ದುಡ್ಡು ವಾಪಸ್ಸಾ ಇಲ್ಲಾ ಮುಂದಿನ ಸ್ಕ್ಯಾನ್‌ನಲ್ಲಿ ನೋಡ್ತಾರಾ ಅಂತ ಮೊದ್ಲೇ ಕೇಳಿ, ಫೈಲ್‌ಗಳನ್ನ ಪೆನ್‌ಡ್ರೈವ್‌ನಲ್ಲಿ ಜೆಪೆಗ್ ಮಾಡಿ ಕೊಡಿ ಅನ್ನಿ, ವಾಟ್ಸಾಪ್‌ನಲ್ಲಿ ಕಳ್ಸಿದ್ರೆ ಕುಗ್ಗಿ ಹೋಗುತ್ತೆ. ಸ್ಟೇಟಸ್‌ಗೆ ಹಾಕೋ ಮುಂಚೆ ಮೇಲ್ಗಡೆ ನಿಮ್ಮ ಹೆಸ್ರು, ಐಡಿ ನಂಬರ್, ತಾರೀಖು ಎಲ್ಲಾ ಅಚ್ಚಾಗಿರುತ್ತೆ, ಕತ್ತರಿಸಿ ಹಾಕಿ.

ಮೊನ್ನೆ ನನ್ ತಂಗಿ ಫೋನ್ ಮಾಡಿದ್ಲು, "ಅಕ್ಕಾ, ಫೋಟೋ ಮಾಡ್ಸ್ಲಾ?" ಅಂತ. ಅವಳ ಗಂಡ ಕೆಲಸದ ಮೇಲೆ ದೂರದಲ್ಲಿದ್ದಾರೆ, ಹೆರಿಗೆ ಹೊತ್ತಿಗೂ ಬರೋಕಾಗುತ್ತೋ ಇಲ್ವೋ. ಅವಳಿಗೀಗ 28 ವಾರ, ಡಾಕ್ಟ್ರು ಬರೆದಿರೋ ಸ್ಕ್ಯಾನ್ ಹೇಗೂ ಮುಂದಿನ ವಾರ ಇದೆ. ಮಾಡ್ಸ್ಕೊಳ್ಳೇ ಅಂದೆ, ದುಡ್ಡು ಮಾತ್ರ ಸ್ಕ್ರೀನ್ ನೋಡಿದ್ಮೇಲೆ ಕೊಡು, ಲ್ಯಾಮಿನೇಶನ್ ಅಂಗಡಿ ಕಡೆ ತಲೆ ಹಾಕ್ಬೇಡ.