ನಾಸಾದ ಮಂಗಳ ಫೋಟೋ, ಸದ್ದುಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರವರಿಯಲ್ಲಿ ಮಂಗಳದ ಜೆಜೆರೊ ಕುಳಿಗೆ ಇಳಿದಾಗಿನಿಂದ ಅದರ ಕಚ್ಚಾ ಫೋಟೋಗಳನ್ನು, ಜೊತೆಗೆ ಆಯ್ದ ಸದ್ದುಗಳನ್ನು ನಾಸಾದವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಪುಕ್ಕಟೆ, ಲಾಗಿನ್ ಕೂಡ ಬೇಡ. ಆಗಿನಿಂದ ಬಳಸುತ್ತಿದ್ದೇನೆ.

ಫೋಟೋ ಚೆನ್ನಾಗಿವೆ. ಪ್ರತಿಯೊಂದರ ಕೆಳಗೂ ಮಂಗಳದ ಗಂಟೆ, ನಿಮಿಷ ಬರೆದಿರುತ್ತದೆ, ಅದು ನನಗೆ ಇಷ್ಟ. ಆದರೆ ಫೋಟೋ ಸ್ವಲ್ಪ ಮೋಸ. ಕಲ್ಲು, ಮರಳು, ದಿಬ್ಬ ನೋಡಿದರೆ ಬಯಲುಸೀಮೆಯ ಬೇಸಿಗೆ ಥರ ಕಾಣುತ್ತದೆ, ಅಲ್ವಾ? ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ ಅನ್ನುವುದು ಫೋಟೋ ನೋಡಿದರೆ ಹೊಳೆಯುವುದಿಲ್ಲ.

ಹೊಳೆಯುವುದು ಸದ್ದು ಕೇಳಿದಾಗ. ರೋವರಿನ ಲೇಸರ್ ಕಲ್ಲಿಗೆ ಬಡಿಯುವುದು ಬರೀ ಟಿಕ್ ಟಿಕ್ ಅಂತ ಕೇಳುತ್ತದೆ. ಇಂಥ ಕೀಚಲು ಸದ್ದು ಅಲ್ಲಿ ಸೆಕೆಂಡಿಗೆ ಸುಮಾರು 250 ಮೀಟರ್ ಓಡುತ್ತದೆ, ತಗ್ಗು ಸದ್ದು 240. ನಮ್ಮಲ್ಲಿ ಎರಡೂ 340ರ ಆಸುಪಾಸು. ಅಂದರೆ ದೂರದಲ್ಲಿ ಯಾರಾದರೂ ಹಾಡಿದರೆ ಮೇಲಿನ ಸ್ವರ ಮೊದಲು ಬಂದು ಮುಟ್ಟಬೇಕು, ಆದರೆ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಆ ಸ್ವರವನ್ನೇ ದಾರಿಯಲ್ಲಿ ನುಂಗಿಬಿಡುತ್ತದೆ. ಸೈಕಲ್ ಬೆಲ್, ಹಕ್ಕಿಯ ಚಿಲಿಪಿಲಿ ಮಂಗಳದಲ್ಲಿ ಹೇಗೆ ಕೇಳಿಸಬಹುದು ಅಂತ ಮಾಡಿಟ್ಟಿರುವ ನಮೂನೆಗಳೂ ಇವೆ. ಹಕ್ಕಿ ಇದ್ದೂ ಇಲ್ಲದ ಹಾಗೆ.

ರೋವರ್ ಜೊತೆ ಹೋಗಿದ್ದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಟಿಯ ಸದ್ದಂತೂ ಬಿಡಬೇಡಿ. ತೂಕ ಬರೀ 1.8 ಕಿಲೋ, ಆದರೆ ಆ ತೆಳು ಗಾಳಿಯಲ್ಲಿ ಮೇಲೇಳಲು ರೆಕ್ಕೆ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗಬೇಕಿತ್ತು. ಅಷ್ಟಾದರೂ 80 ಮೀಟರ್ ದೂರದ ಮೈಕಿಗೆ ಸಿಕ್ಕಿದ್ದು 84 ಹರ್ಟ್ಜಿನ ಒಂದು ತಗ್ಗು ಗುಂಯ್ ಮಾತ್ರ. ಮೊಬೈಲ್ ಸ್ಪೀಕರಿನಲ್ಲಿ ಅದು ಸರಿಯಾಗಿ ಕೇಳುವುದೇ ಇಲ್ಲ, ಸುಮ್ನೆ ಬೈಕೊಳ್ಳಬೇಡಿ, ಇಯರ್‌ಫೋನ್ ಹಾಕಿ.

ರೋವರ್ ಕಳಿಸುವ ಹವಾಮಾನದ ಅಂಕಿಗಳನ್ನು ಮಾತ್ರ ಹುಷಾರಾಗಿ ಓದಬೇಕು. ಗಂಟೆಗೆ 100 ಕಿಲೋಮೀಟರ್ ಗಾಳಿ ಅಂದರೆ ಇಲ್ಲಿ ತಗಡು ಹಾರುತ್ತದೆ. ಅಲ್ಲಿ ಅದರ ನೂಕು ನಮ್ಮ 13 ಕಿಲೋಮೀಟರ್ ಗಾಳಿಯಷ್ಟು. ಉಷ್ಣಾಂಶವೂ ಅಷ್ಟೇ. ಮಧ್ಯಾಹ್ನ ನೆಲ ಬೆಚ್ಚಗಿದ್ದರೂ ಆಳೆತ್ತರದಲ್ಲಿ ಗಾಳಿ ಕೊರೆಯುತ್ತಿರುತ್ತದೆ, ರಾತ್ರಿ ಮೈನಸ್ 80ರ ಹತ್ತಿರ ಹೋಗುತ್ತದೆ, ಯಾಕಂದರೆ ಬಿಸಿ ಹಿಡಿದಿಡುವಷ್ಟು ಗಾಳಿಯೇ ಇಲ್ಲ.

ಎರಡು ವರ್ಷಕ್ಕೊಮ್ಮೆ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಬಂದಾಗ ಒಂದೆರಡು ವಾರ ಹೊಸ ಫೋಟೋ ಬರುವುದಿಲ್ಲ. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಫೋಟೋಗೆ ನಾಲ್ಕು ಸ್ಟಾರ್, ಸದ್ದಿಗೆ ಐದು. ಹೊಸಬರು ಸೈಕಲ್ ಬೆಲ್‌ನಿಂದ ಶುರು ಮಾಡಿ.