ತಾರಸಿ ತೋಟಕ್ಕೆ ತರಿಸಿದ ಹನಿ ನೀರಾವರಿ ಕಿಟ್: ಆರು ತಿಂಗಳ ಬಳಕೆಯ ನಂತರ

ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದಾಗಿನಿಂದ ನಮ್ಮ ತಾರಸಿಯ ಗಿಡಗಳಿಗೆ ಬೋರ್‌ವೆಲ್ ನೀರೇ ಗತಿ. ಅದನ್ನೂ ಪೈಪು ಹಿಡಿದು ಸುರಿಯುವುದು ಬೇಡವೆನ್ನಿಸಿ, 30 ಕುಂಡಗಳಿಗೆ ಸಾಲುವುದೆಂದು ಡಬ್ಬಿಯ ಮೇಲೆ ಬರೆದಿದ್ದ ಹನಿ ನೀರಾವರಿ ಕಿಟ್ಟನ್ನು 1,200 ರೂಪಾಯಿಗೆ ತರಿಸಿದೆ.

ಜೋಡಣೆ ಸುಲಭ, ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಸಲೀಸಾಗಿ ಕೂರುತ್ತದೆ. ಆದರೆ ಮೊದಲ ವಾರವೇ ಟ್ಯಾಂಕಿನ ಪಕ್ಕದ ಮಲ್ಲಿಗೆ ನಳನಳಿಸುತ್ತಿದ್ದರೆ ಕೊನೆಯ ಕುಂಡದ ಕರಿಬೇವು ಬಾಡತೊಡಗಿತು. ಅನುಮಾನ ಬಂದು ಎರಡೂ ಕುಂಡಗಳ ಡ್ರಿಪ್ಪರ್‌ಗಳ, ಅಂದರೆ ಹನಿ ಬೀಳಿಸುವ ಮೂತಿಗಳ, ಕೆಳಗೆ ಲೋಟವಿಟ್ಟು ಅಳೆದೆ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಕಾಲು ಗಂಟೆಯಲ್ಲಿ ಒಂದು ಲೀಟರ್ ಕೊಡಬೇಕು; ಮಲ್ಲಿಗೆಗೆ ಬಿದ್ದದ್ದು 400 ಮಿಲಿಲೀಟರ್, ಕರಿಬೇವಿಗೆ ಬರೀ 100. ಆ ಲೆಕ್ಕ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ್ದು, ನಮ್ಮ ಟ್ಯಾಂಕು ಕುಂಡಗಳಿಗಿಂತ ಎರಡೂವರೆ ಮೀಟರ್ ಮಾತ್ರ ಮೇಲಿರುವುದರಿಂದ ಅರ್ಧದಷ್ಟು ಬರುವುದು ಸಹಜವೇ. ಆದರೆ ಮೊದಲ ಕುಂಡಕ್ಕೂ ಕೊನೆಯದಕ್ಕೂ ಇಷ್ಟು ಅಂತರ ಬಿದ್ದದ್ದು, 30 ಕುಂಡಗಳ ನೀರನ್ನೂ ಒಂದೇ 4 ಮಿಲಿಮೀಟರ್ ಕೊಳವೆಯಲ್ಲಿ ಹಾಯಿಸಿದ್ದರಿಂದ. ನೀರಾವರಿ ಸಾಮಾನಿನ ಅಂಗಡಿಯಿಂದ 16 ಮಿಲಿಮೀಟರ್‌ನ ಕಪ್ಪು ಪೈಪು ತಂದು ಮುಖ್ಯ ಸಾಲಿಗೆ ಹಾಕಿ, ಸಣ್ಣ ಕೊಳವೆಯನ್ನು ಕವಲುಗಳಿಗಷ್ಟೇ ಉಳಿಸಿಕೊಂಡ ಮೇಲೆ ಕರಿಬೇವಿಗೂ 350 ಮಿಲಿಲೀಟರ್ ಸಿಗುತ್ತಿದೆ.

ಡ್ರಿಪ್ಪರ್‌ನ ತಲೆ ತಿರುಗಿಸಿ ಹನಿಯನ್ನು ಹೆಚ್ಚು ಕಡಿಮೆ ಮಾಡಬಹುದೆಂಬುದು ನನಗೆ ಬಹಳ ಹಿಡಿಸಿತು. ಹೀಗಾಗಿ ದಾಸವಾಳಕ್ಕೆ ಧಾರಾಳವಾಗಿ ಬಿಟ್ಟು, ಲೋಳೆಸರದ್ದನ್ನು ಪೂರ್ತಿ ಮುಚ್ಚಿ ವಾರಕ್ಕೊಮ್ಮೆ ಕೈಯಿಂದಲೇ ಹಾಕುತ್ತೇನೆ. ನಮ್ಮ ಗಡಸು ನೀರಿಗೆ ಮೂರೇ ತಿಂಗಳಲ್ಲಿ ರಂಧ್ರಗಳಲ್ಲಿ ಬಿಳಿ ಸುಣ್ಣ ಕಟ್ಟಿತ್ತಾದರೂ, ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿದಾಗ ಬಿಟ್ಟುಕೊಂಡಿತು. ಜಾಲರಿ ಫಿಲ್ಟರನ್ನು ಕಿಟ್ಟಿನಲ್ಲಿ ಕೊಡದಿರುವುದು ಮಾತ್ರ ಒಪ್ಪತಕ್ಕದ್ದಲ್ಲ.

ಇನ್ನೊಂದು ಎಚ್ಚರಿಕೆ: ಕುಂಡದಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿದ್ದು ಅದು ಪೂರ್ತಿ ಒಣಗಿದ್ದರೆ ನೀರು ಬೇರಿಗಿಳಿಯದೆ ಅಂಚಿನಿಂದ ಜಾರಿ ತಳದಲ್ಲಿ ಹೋಗಿಬಿಡುತ್ತದೆ. ಮೊದಲು ಕೈಯಿಂದ ಚೆನ್ನಾಗಿ ನೆನೆಸಿ, ಆಮೇಲೆ ಡ್ರಿಪ್ಪರ್ ಹೂಡಬೇಕು.

ಹತ್ತು ಹನ್ನೆರಡು ಕುಂಡಗಳಿದ್ದವರು ಈ ಕಿಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಮೂವತ್ತಿದ್ದವರು 16 ಮಿಲಿಮೀಟರ್ ಪೈಪು, ಫಿಲ್ಟರ್, ಡ್ರಿಪ್ಪರ್‌ಗಳನ್ನು ಬಿಡಿಬಿಡಿಯಾಗಿ ತಂದುಕೊಳ್ಳುವುದು ಮೇಲು. ಹೇಗೂ ಕೊನೆಗೆ ನಾನು ಮಾಡಿದ್ದೂ ಅದನ್ನೇ.